ಅತ್ತೆಯ ಹೆಬ್ಬೆರಳು

ಇರುವೆ, ಒಂದಲ್ಲ, ಸಾಲು ಸಾಲು, ತೊಲೆಯಿಂದ ಹಗ್ಗಕ್ಕೆ, ಹಗ್ಗದಿಂದ ತೊಟ್ಟಿಲಿನ ಅಂಚಿಗೆ, ಸಂತೆಗೆ ಹೊರಟ ಮಂದಿಯ ಹಾಗೆ ಒಂದರ ಹಿಂದೊಂದು, ಯಾರು ಕರೆದರು ಇವನ್ನು ಎಂದು ಸಂಘಮಿತ್ರಾ ಊಟದ ತಾಟಿನ ಮುಂದೆ ಕುಳಿತಲ್ಲಿಂದಲೇ ಕತ್ತೆತ್ತಿ ನೋಡುತ್ತಾಳೆ — ತಾಟಿನಲ್ಲಿ ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಮುಟ್ಟಿಲ್ಲ, ಅತ್ತೆ ಭಾಗಮ್ಮ ಬಡಿಸಿಟ್ಟು ಗಿರಣಿಗೆ ಹೋಗಿದ್ದಾಳೆ, ಉಣ್ಣು ಯವ್ವಾ, ಹಿಟ್ಟ ಬೀಸಿಸ್ಕೊಂಡು ಈಗ ಬಂದೆ ಅಂದಳು, ಅಷ್ಟು ಮೆತ್ತಗೆ ಯಾಕೆ ಅನ್ನಬೇಕು, ಬೆಳ್ಳಗಿರುವುದೆಲ್ಲ ಹಾಲಲ್ಲ, ಪಲ್ಯದಲ್ಲಿ ಏನು ಬೆರೆತಿದೆಯೋ, ಇನ್ಸುಲಿನ್ ಸೂಜಿಯನ್ನಂತೂ ಹೊಟ್ಟೆಗೆ ಚುಚ್ಚಿಕೊಂಡದ್ದಾಯಿತು, ಊಟ ಆಮೇಲೆ ನೋಡೋಣ, ಮೊದಲು ಈ ಇರುವೆ. ತೊಟ್ಟಿಲಲ್ಲಿ ಐದು ತಿಂಗಳ ಮಗಳು ಮುಷ್ಟಿ ಕಟ್ಟಿ ಮಲಗಿದ್ದಾಳೆ, ಇರುವೆಗೆ ಕೂಸಿನ ಹತ್ತಿರ ಏನು ಕೆಲಸ — ನೆಲೋಗಿಯ ತವರುಮನೆಯ ಬಚ್ಚಲಲ್ಲೂ ಹೀಗೇ ಮುತ್ತಿದ್ದವು, ಆಗ ಆರು ತಿಂಗಳ ಬಸುರಿ, ಉಚ್ಚೆ ಹೊಯ್ದು ನೀರು ಹಾಕುವುದು ಮರೆತಿದ್ದಳು, ಅವ್ವ ಬಾಗಿ ನೋಡಿದವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತೇಬಿಟ್ಟಳು, ಇದು ಚಲೋ ಲಕ್ಷಣ ಅಲ್ಲಬೇ, ನಡಿ ದವಾಖಾನಿಗಿ. ಸಕ್ಕರೆ ಬೇನೆ, ಹೆತ್ತ ಮೇಲೆ ಹೋಗಬಹುದು ಎಂದಿದ್ದರು ಡಾಕ್ಟರು, ಎಲ್ಲಿ ಹೋಯಿತು, ಕೂಸಿನ ಸಂಗಡ, ತವರಿನವರು ಕೊಟ್ಟ ತೊಟ್ಟಿಲಿನ ಸಂಗಡ ಅದೂ ಬಸ್ಸು ಹತ್ತಿ ಭೂಸನೂರಿಗೆ ಬಂತು, ಗಂಡ ದಿಲೀಪ ದುಡಿಯುವುದು ಸಕ್ಕರೆ ಕಾರ್ಖಾನೆಯಲ್ಲಿ, ಅಂಗಿ ತೊಳೆದರೂ ಕಾಕಂಬಿ ವಾಸನೆ ಬಿಡದು, ಸಕ್ಕರಿ ಊರಿಗಿ ಸಕ್ಕರಿ ಸೊಸಿ ಬಂದಾಳ ಅಂತ ಓಣಿಯವರು ನಕ್ಕರು, ನಗಲಿ, ಆದರೆ ಕೂಸಿಗೂ ಬಂದಿದ್ದರೆ — ಎದ್ದು ಕೂಸಿನ ಅಡಿಯ ಬಟ್ಟೆ ಎಳೆದು ನೋಡಿದಳು, ಒದ್ದೆ ಇದೆ, ಇರುವೆ ಇಲ್ಲ, ಒಂದೂ ಇಲ್ಲ. ಹಾಗಾದರೆ ಇವು ಹೋಗುತ್ತಿರುವುದು ಎಲ್ಲಿಗೆ.

ಮಂಗಳವಾರದಿಂದ ಈ ಮನೆಯಲ್ಲಿ ಏನೋ ನಡೆದಿದೆ. ಅಂದೂ ಇದೇ ಹೊತ್ತು, ಕೂಸಿಗೆ ಹಾಲೂಡಿಸುತ್ತ ಕುಳಿತದ್ದು ನೆನಪಿದೆ, ಮುಂದಿನದು ನೆನಪಿಲ್ಲ, ಕಣ್ಣು ಬಿಟ್ಟರೆ ಚಾಪೆಯ ಮೇಲೆ ಮಲಗಿದ್ದಾಳೆ, ಕುಪ್ಪಸ ಬೆವರಿಗೆ ತೊಯ್ದಿದೆ, ಮಡಿಲು ಬರಿದು, ಕೂಸು ಅತ್ತೆಯ ತೊಡೆಯ ಮೇಲೆ, ತನ್ನ ತುಟಿ ಅಂಟಂಟು, ನಾಲಿಗೆ ತನ್ನ ಸೊಟ್ಟ ಹಲ್ಲಿನ ಸಂದಿಗೆ ಹೋದರೆ ಅಲ್ಲಿ ಬೆಲ್ಲ, ಬೆಲ್ಲದ ಹಿಂದೆ ಉಪ್ಪುಪ್ಪು. ಏನ್ ತಿನ್ನಿಸಿದ್ರಿ ಅತ್ತಿ ನನಗ ಅಂದರೆ, ಏನಿಲ್ಲವಾ, ನಿದ್ದಿ ಹತ್ತಿತ್ತು ನಿನಗ, ಎನ್ನುತ್ತ ಭಾಗಮ್ಮ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಸಂಜೆಗೆ ಆ ಕೈಯ ಹೆಬ್ಬೆರಳಿಗೆ ಅರಿಶಿಣ ಮೆತ್ತಿದ ಚಿಂದಿ. ಕುಡಗೋಲು ಬಡೀತು ಅಂದಳು, ಯಾವ ಕುಡಗೋಲು, ಗೋಡೆಗೆ ಸಿಕ್ಕಿಸಿದ ಕುಡಗೋಲಿನ ಮೇಲೆ ಜೇಡ ಬಲೆ ಕಟ್ಟಿ ಹಾಗೇ ಕುಳಿತಿದೆ. ಆ ಹೊತ್ತು ಸಕ್ಕರೆ ನೋಡುವ ಮಷಿನ್ನು ಇನ್ನೂರ ನಲವತ್ತು ತೋರಿಸಿತ್ತು, ತಾನು ಸಿಹಿ ಮುಟ್ಟದೆ ಅದು ಹೇಗೆ ಏರುತ್ತದೆ. ಬಂದ ದಿನವೇ ಬಾಣಂತಿ ಬಂದಳೆಂದು ಅಂಟಿನ ಉಂಡೆ ಕಟ್ಟಿಟ್ಟವಳು ಈ ಅತ್ತೆ, ಕೊಬ್ಬರಿ, ಬೆಲ್ಲ, ತುಪ್ಪ, ನನ್ನ ಕೊಲ್ಲಬೇಕಂತೀರೇನು ಅಂತ ತಾನು ಓಣಿ ಕೇಳುವ ಹಾಗೆ ಒದರಿದ್ದಳು, ದಿಲೀಪ ಉಂಡೆಯ ಡಬ್ಬಿ ಎತ್ತಿ ಪಕ್ಕದ ಮನೆಗೆ ಕೊಟ್ಟು, ಅವ್ವಾ, ಇನ್ನ ಮ್ಯಾಲ ಇಕಿ ಕೈಗಿ ಸಿಹಿ ಸಿಕ್ಕರ ನೋಡು ಅಂದಿದ್ದ, ಭಾಗಮ್ಮ ಒಲೆಯ ಕಡೆ ತಿರುಗಿ ರೊಟ್ಟಿ ಬಡಿಯತೊಡಗಿದಳು, ಆಡದವರ ಹೊಟ್ಟೆಯಲ್ಲೇ ಇರುವುದು ಎಲ್ಲ. ಮೊನ್ನೆ ಹಿತ್ತಲಲ್ಲಿ ನಿಂತು ಜೇವರ್ಗಿಯ ಮಗಳು ಸೀಮಾಗೆ ಫೋನು, ಕೂಸಿನ್ನ ಆಕಿ ಒಬ್ಬಾಕಿ ಕೈಯಾಗ ಬಿಡಂಗಿಲ್ಲ, ನೀ ಬಂದು ನಾಕ ದಿನ ಇರು — ಮದುವೆಯಾಗಿ ಎಂಟು ವರ್ಷ, ಸೀಮಾಳಿಗೆ ಮಕ್ಕಳಿಲ್ಲ, ಇನ್ನೇನು ಬಿಡಿಸಿ ಹೇಳಬೇಕೇ, ಸಕ್ಕರೆ ಬೇನೆಯವಳಿಗೆ ಕೂಸು ಸಾಕಲು ಬಾರದು ಎಂದು ಎಲ್ಲರ ಎದುರು ತೋರಿಸಿದರೆ ಸಾಕು, ತನ್ನ ಮಗಳು ಕೈತಪ್ಪಿ ಹೋಗುತ್ತಾಳೆ.

ಇರುವೆ ತೊಟ್ಟಿಲಿನ ಅಂಚು ದಾಟಿ ಕೆಳಕ್ಕೆ ಇಳಿಯುತ್ತಿವೆ, ಅವಳೂ ಬಗ್ಗುತ್ತಾಳೆ, ತೊಟ್ಟಿಲಿನ ಅಡಿಯಲ್ಲಿ, ತಾನು ಹಾಲೂಡಿಸಲು ಕೂರುವ ಚಾಪೆಯ ಮಗ್ಗುಲಿಗೆ ಒಂದು ಗಂಟು, ಲಿಂಬೆಕಾಯಿಯಷ್ಟು, ಚಿಂದಿಯ ಗಂಟು, ಅರಿಶಿಣ ಕಲೆ, ಅದೇ, ಹೆಬ್ಬೆರಳಿಗೆ ಸುತ್ತಿದ ಸೀರೆಯದೇ ತುಂಡು. ಮಾಟ. ಪ್ರತಿ ಭಾನುವಾರ ವಿಹಾರದಲ್ಲಿ ಕೂತು ಪಂಚಶೀಲ ಹೇಳುವ ಬಾಯಿ, ಕೈ ಮಾತ್ರ ಇಂಥ ಕೆಲಸಕ್ಕೆ, ನನ್ನ ಕೂಸಿನ ತೊಟ್ಟಿಲಿಗೇ — ಬಿಚ್ಚಿ ನೋಡುವ ಧೈರ್ಯ ಆಗಲಿಲ್ಲ, ಕಿತ್ತಳು, ಹೊಸ್ತಿಲ ಕಡೆ ಬೀಸಿ ಒಗೆದಳು, ಆ ಸದ್ದಿಗೆ ಕೂಸು ಎದ್ದು ಅತ್ತಿತು, ಎತ್ತಿಕೊಂಡು ಚಾಪೆಗೆ ಕುಳಿತು ಎದೆಗೆ ಹಚ್ಚಿದಳು, ಕುಡಿ ನನ್ನ ಯವ್ವಾ ಕುಡಿ, ನಿನ್ನನ್ನು ಯಾರಿಗೂ ಕೊಡುವುದಿಲ್ಲ.

ಕೂಸು ಎಳೆಯುತ್ತಿದೆ, ಹಸಿದಿದೆ, ಒಂದೊಂದು ಗುಟುಕಿಗೂ ತನ್ನೊಳಗಿಂದ ಏನೋ ಇಳಿದು ಹೋಗುತ್ತಿದೆ, ಕೈ ಯಾಕೆ ನಡುಗುತ್ತಿದೆ, ಸಿಟ್ಟಿಗೆ, ಅಲ್ಲ, ಬೆನ್ನಲ್ಲಿ ಬೆವರು, ತುಟಿಯ ಸುತ್ತ ಜುಮ್ಮು, ಆಶಾ ಕಾರ್ಯಕರ್ತೆ ಕುಲಸುಮಬಿ ಏನೋ ಅಂದಿದ್ದಳು, ಏನದು, ಸೂಜಿ ತಗೊಂಡ್ ಮ್ಯಾಲ ಊಟ ಬಿಡಬ್ಯಾಡ್ರಿ ಅಕ್ಕಾರ, ಹಾಲು ಕುಡಿಸೋ ತಾಯಿಗಿ ಸಕ್ಕರಿ ಗಪ್ಪನ ಇಳೀತದ, ಖಬರ್ ತಪ್ಪಿ ಕೂಸಿನ ಮ್ಯಾಲ ಬಿದ್ದೀರಿ. ತಾಟು ಎಲ್ಲಿ, ತಾಟು ಆ ಗೋಡೆಯ ಹತ್ತಿರ, ದೂರ, ಆಳಂದದಷ್ಟು ದೂರ, ಅತ್ತೀ ಎಂದು ಕರೆದಳು, ದನಿ ಬರಲಿಲ್ಲ, ಬೆವರು, ಮಡಿಲು, ಇದು ಮಂಗಳವಾರದ ಬೆವರು, ಅದೇ ಬೆವರು — ಅಂದರೆ ಅಂದು ನಿದ್ದೆಯಲ್ಲ, ಅಂದು ತಾನು ಬಿದ್ದಿದ್ದಳು, ಕೂಸು ಕೈಯಲ್ಲಿತ್ತು, ಕೂಸನ್ನು ಯಾರು ಎತ್ತಿಕೊಂಡರು, ಬಾಯಿಗೆ ಬೆಲ್ಲ ಯಾರು ಇಟ್ಟರು. ಕೂಸನ್ನು ಚಾಪೆಯ ಮೇಲೆ ಇಟ್ಟಳು, ಮೆಲ್ಲಗೆ, ತಲೆ ತಾಗಬಾರದು, ಕೂಸು ಅರಚುತ್ತಿದೆ, ಅರಚಲಿ, ನೆಲದ ಮೇಲೆ ಇರುವೆ, ಸಾಲು ಈಗ ಹೊಸ್ತಿಲ ಕಡೆ ತಿರುಗಿದೆ, ಅದೇ ದಾರಿ, ಮೊಣಕಾಲೂರಿ ಅದರ ಹಿಂದೆ, ಗಂಟು ಕೈಗೆ ಸಿಕ್ಕಿತು, ಬೆರಳಿಗೆ ಬಿಚ್ಚಲಾಗದು, ಹಲ್ಲಿನಿಂದ ಕಚ್ಚಿ ಹರಿದಳು, ಬೆಲ್ಲ, ಬೆಲ್ಲವೇ, ಇರುವೆ ಸಮೇತ ಬಾಯಿಗೆ ತುಂಬಿಕೊಂಡು ಕಣ್ಣು ಮುಚ್ಚಿದಳು.

ಎಷ್ಟು ಹೊತ್ತೋ, ಕೂಸಿನ ಅಳು ಹತ್ತಿರ ಬಂತು, ಗೋಡೆ ಗೋಡೆಯಾಯಿತು, ಎದುರಿಗೆ ಹಿಟ್ಟು ಮೆತ್ತಿದ ಸೀರೆ, ಭಾಗಮ್ಮ, ಎಡ ತೋಳಿನಲ್ಲಿ ಕೂಸು, ಹರಿದ ಚಿಂದಿಯನ್ನು ನೋಡುತ್ತಾಳೆ, ಮುಟ್ಟದ ತಾಟನ್ನು ನೋಡುತ್ತಾಳೆ, ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚಲೋ ಇತ್ತು. ಕೈಗಿ ಸಿಗೋ ಹಂಗ ಕಟ್ಟಿದ್ನವಾ, ಮತ್ತ ಹಂಗ ಆದರ ಬಾಯಾಗ ಇಡಾಕ. ನನಗ ಯಾಕ ಹೇಳಲಿಲ್ರಿ ಅತ್ತಿ. ಬೆಲ್ಲ ಅಂದ್ರ ನೀ ಒದರ್ತಿ, ಮಗ ಬೈತಾನ, ಅದಿರ್ಲಿ, ನೀ ಬಿದ್ದಿದ್ದಿ ಅಂತ ಹೇಳಿದ್ರ ಕೂಸಿನ್ನ ಎತ್ಕೊಳ್ಳಾಕ ಅಂಜ್ತಿದ್ದಿ, ತಾಯಾದಾಕಿ ಕೂಸಿಗಿ ಅಂಜಬಾರದು. ಸಂಘಮಿತ್ರಾಳಿಗೆ ನಾಚಿಕೆ, ಮೈಯೆಲ್ಲ ನಾಚಿಕೆ, ಅತ್ತೆ ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಯ ಹತ್ತಿರ ತರುತ್ತಾಳೆ, ತಗೊ, ಈ ಸಲ ಕಚ್ಚಬ್ಯಾಡ, ಎನ್ನುತ್ತಾಳೆ, ಹೆಬ್ಬೆರಳಿನ ಚಿಂದಿ ಜಾರಿದೆ, ಅವಳು ಬಾಯಿ ತೆರೆಯುತ್ತಾಳೆ, ತೆರೆದ ಬಾಯಿ ಹಾಗೆಯೇ, ಕುಡಗೋಲಲ್ಲ, ನಾಲಿಗೆ ತಾನಾಗಿ ಸೊಟ್ಟ ಹಲ್ಲಿಗೆ ಹೋಗುತ್ತದೆ, ಅಲ್ಲಿ ಮಂಗಳವಾರದ ಉಪ್ಪುಪ್ಪು, ತುತ್ತು ಕಾಣದು, ಅತ್ತೆ ಕಾಣಳು, ಹೆಬ್ಬೆರಳು, ಹೆಬ್ಬೆರಳಿನ ಮೇಲೆ ಹಲ್ಲಿನ ಗುರುತು, ಎರಡು ನೆಟ್ಟಗೆ, ಒಂದು ಸೊಟ್ಟ, ಹೆಬ್ಬೆರಳು, ಒಂದು ಸೊಟ್ಟ