ಖಾಲಿ ಡಬ್ಬಿಯ ಬ್ರದರ್

ಮುಂದಿನ ಟ್ರೇಲರಿನಿಂದ ಜೋತುಬಿದ್ದ ಕಬ್ಬಿನ ಸೋಗೆ ರಸ್ತೆ ಗುಡಿಸುತ್ತಾ ಹೊರಟಿದೆ, ಎಂ.ಕೆ. ಹುಬ್ಬಳ್ಳಿ ಫ್ಯಾಕ್ಟರಿ ಮುಟ್ಟುವವರೆಗೂ ಗುಡಿಸುತ್ತಲೇ ಹೋಗುತ್ತದೋ ಏನೋ, ಅಲ್ಲಾಸಾಬನ ಟಂಟಂ ರಿಕ್ಷಾಕ್ಕೆ ದಾಟಲು ಜಾಗವಿಲ್ಲ, ಹಾರ್ನ್ ಹೊಡೆದರೆ ಕೇಳುವವರಿಲ್ಲ, ನನ್ನ ಕೈ ಮಾತ್ರ ತಾನಾಗಿಯೇ ಎದೆಯ ಮೇಲಿನ ಚೀಲಕ್ಕೆ ಹೋಗುತ್ತದೆ — ಏನಿದೆಯೋ ಅದರಲ್ಲಿ ಸುನೀಲಾ, ನನ್ನನ್ನೇ ಕೇಳಿಕೊಳ್ಳುತ್ತೇನೆ, ಏನೂ ಇಲ್ಲ, ಗುಡಿಗೆ ಬರಲಾಗದ ರೋಗಿಗಳಿಗೆ ಪರಮ ಪ್ರಸಾದದ ರೊಟ್ಟಿ ಒಯ್ಯುವ ಪುಟ್ಟ ಡಬ್ಬಿ, ಬೆಳಿಗ್ಗೆ ದೇಗಾಂವಕ್ಕೆ ಹೋಗುವಾಗಲೂ ಖಾಲಿ, ಈಗ ಕಿತ್ತೂರಿಗೆ ಮರಳುವಾಗಲೂ ಖಾಲಿ. ಒಂಬತ್ತು ವರ್ಷ ಗುರುಮಠದಲ್ಲಿ ಓದಿದವನು, ದೇವಶಾಸ್ತ್ರ ಅರೆದು ಕುಡಿದವನು, ಡಬ್ಬಿಯಲ್ಲಿ ಪ್ರಸಾದ ಇಡುವುದನ್ನೇ ಮರೆತೆ. ತೊಳೆದು ಒರೆಸಿ ಇಟ್ಟದ್ದು ನೆನಪಿದೆ, ಒರೆಸುತ್ತಿದ್ದಾಗ ತಲೆಯಲ್ಲಿ ಆ ವಿನಂತಿ ಪತ್ರದ ಸಾಲು ಓಡುತ್ತಿತ್ತು, ಪಾದ್ರಿಯಾಗುವ ಮುಂಚಿನ ಮೆಟ್ಟಿಲಾದ ಡೀಕನ್ ದೀಕ್ಷೆಗಾಗಿ ನಾನೇ ಕೈಯಾರೆ ಬರೆಯಬೇಕಾದ ಪತ್ರ, ಪವಿತ್ರ ಬಾಳಿಗೆ ನನ್ನನ್ನು ಸಂಪೂರ್ಣವಾಗಿ ಒಪ್ಪಿಸಿಕೊಂಡು ಎಂದು ಬರೆಯಲೋ, ಅರ್ಪಿಸಿಕೊಂಡು ಎಂದು ಬರೆಯಲೋ — ಅಷ್ಟರಲ್ಲಿ ಮುಚ್ಚಳ ಹಾಕಿ ಹೊರಟುಬಿಟ್ಟೆ, ಭೇಷ್. ಅದರ ಜೊತೆಗೆ ನಾನು ಯೋಗ್ಯನೋ ಅಲ್ಲವೋ ಎಂದು ಮಿಷನ್ ಮನೆಯ ಹಿರಿಯರು ಫಾದರ್ ಪಾಸ್ಕಲ್ ಬರೆಯುವ ವರದಿಯೂ ಇವತ್ತೇ ಹೋಗಬೇಕು. ಬೆಳಿಗ್ಗೆ ಇದೇ ಟಂಟಂ, ಇದೇ ಸೀಟು, ಅಲ್ಲಾಸಾಬ ಹಿಂದಕ್ಕೆ ತಿರುಗಿ ಬ್ರದರ್, ನಮ್ಮ ನಾಜಿಮಾಗ ನಿನ್ನಿ ಹೆಣ್ಣ ಕೂಸ ಆತ್ರಿ ಅಂದ, ಮಗಳ ಸುದ್ದಿ ಹೇಳುತ್ತಾ ಮುಖವೆಲ್ಲ ಹಲ್ಲಾಗಿತ್ತು, ನಾನು ತುಟಿ ಬಿಗಿಹಿಡಿದು ಕೂತೆ, ಯಾಕೆಂದರೆ ಪ್ರಸಾದದ ರೂಪದಲ್ಲಿ ಯೇಸುಸ್ವಾಮಿಯನ್ನು ಎದೆಯ ಮೇಲಿಟ್ಟುಕೊಂಡವನು ದಾರಿಯಲ್ಲಿ ಹರಟಬಾರದು, ಮೊದಲ ವರ್ಷವೇ ಕಲಿಸಿದ್ದು. ಆ ಮೌನ ನನಗೇ ಎಷ್ಟು ಚೆಂದ ಕಂಡಿತ್ತು. ಪಾಪ, ಅವನು ನನಗೆ ಸಿಟ್ಟು ಬಂದಿದೆ ಅಂದುಕೊಂಡ.

ದೇಗಾಂವದ ಮನೆಯಲ್ಲಿ, ಸೊಂಟ ಮುರಿದುಕೊಂಡು ಕ್ರಿಸ್ಮಸ್‌ನಿಂದ ಹಾಸಿಗೆ ಹಿಡಿದಿರುವ ಶೆಟ್ಟೆವ್ವಜ್ಜಿ, ತಲೆಗೆ ಸೆರಗು ಎಳೆಸಿಕೊಂಡು, ಸೊಸೆ ಅನ್ನಪೂರ್ಣಾ ಹಚ್ಚಿದ ಮೇಣದ ಬತ್ತಿಯ ಪಕ್ಕ, ನಾನು ಕ್ರಿಸ್ತರ ಶರೀರ ಅನ್ನುವ ಮೊದಲೇ ಕಣ್ಣು ಮುಚ್ಚಿ ಬಾಯಿ ತೆರೆದುಬಿಟ್ಟಳು. ಡಬ್ಬಿ ತೆರೆದರೆ ತಳ ಫಳಫಳ ಹೊಳೆಯುತ್ತಿದೆ. ಬರೀ ಆಶೀರ್ವಾದ ಮಾಡಿ ಎದ್ದು ಬಂದಿದ್ದರೆ ಯಾರು ಕೇಳುತ್ತಿದ್ದರು, ಒಂದು ಕ್ಷಣ ಆ ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಲಿ, ಆದರೆ ಆ ಬಾಯಿ ತೆರೆದೇ ಇತ್ತು. ಅಜ್ಜಿ, ಮರತ ಬಂದೇನಿ, ಡಬ್ಬಿ ಖಾಲಿ ಐತಿ. ಅವಳು ಕಣ್ಣು ಬಿಟ್ಟು ನಕ್ಕಳು, ಮರತ್ರ ಹೋಗಿ ತಗೊಂಡ ಬರ್ರಿ, ನಾ ಏನ್ ಎದ್ದ ಓಡಿ ಹೋಗ್ತೇನೇನ್ರಿ. ಚಾ ಆದ್ರೂ ಕುಡೀರಿ ಅಜ್ಜಿ, ಒಂದ ತಾಸ ಉಪಾಸ ಇದ್ರ ಸಾಕು, ಈಗ ಅಷ್ಟ ನೇಮ ಅಂದೆ. ಅದು ನಿಮ್ಮ ಈಗಿನ ನೇಮ್ರಿ, ನಮ್ಮವ್ವ ನೀರೂ ಮುಟ್ಟಬ್ಯಾಡ ಅಂದಿದ್ಲು. ಅಂದರೆ ನಾನು ತಿರುಗಿ ಹೋಗುವವರೆಗೆ ಅವಳಿಗೆ ನೀರೂ ಇಲ್ಲ, ಈ ಟ್ರೇಲರ್ ಯಾಕಪ್ಪಾ ಆಮೆಯ ಹಾಗೆ, ಅಲ್ಲಾಸಾಬ್, ಸ್ವಲ್ಪ ಜೋರ ಹೊಡೀರಿ, ಮತ್ತ — ಕೂಸು ಹೆಂಗೈತ್ರಿ, ತಪ್ಪ ತಿಳಕೋಬ್ಯಾಡ್ರಿ, ಮುಂಜಾನಿ ಮಾತಾಡಲಿಲ್ಲ. ಅವನು ಬ್ರೇಕನ್ನೇ ಮರೆತು ಹಿಂದೆ ತಿರುಗುತ್ತಾನೆ, ಬಣ್ಣ ನಮ್ಮ ಮನ್ಯಾಕಿ ರಹೀಮಬಿದು, ಸಿಟ್ಟು ನಂದು!

ಕಿತ್ತೂರಿನ ಮಿಷನ್ ಮನೆ ಮುಟ್ಟಿದೆ, ಗುಡಿಯ ಪ್ರಸಾದ ಪೆಟ್ಟಿಗೆಯ ಇನ್ನೊಂದು ಕೀಲಿ ಯಾವ ಡ್ರಾಯರಿನಲ್ಲಿದೆ ಎಂದು ನನಗೆ ಗೊತ್ತು, ಸದ್ದಿಲ್ಲದೆ ತೆಗೆದುಕೊಂಡು ಹೋಗಬಹುದು, ವರದಿಯಲ್ಲಿ ಒಂದಕ್ಷರ ಬೀಳುವುದಿಲ್ಲ, ಪವಿತ್ರ ಬಾಳಿಗೆ ಒಪ್ಪಿಸಿಕೊಂಡು, ಥೂ, ಕಾಲು ಆಗಲೇ ಫಾದರ್ ಕೋಣೆಯ ಹೊಸ್ತಿಲು ದಾಟಿದೆ, ಮೇಜಿನ ಮೇಲೆ ವರದಿ, ಅವರ ಕೈಯಲ್ಲಿ ಪೆನ್ನು, ಖಾಲಿ ಡಬ್ಬಿ ಒಯ್ದಿದ್ದೆ ಫಾದರ್. ಅವರು ಕನ್ನಡಕ ತೆಗೆಯುತ್ತಾರೆ, ಅಕಿ ಮುಂದ ಏನಂದಿ. ಮರತೇನಿ ಅಂದೆ. ಅಷ್ಟಽ? ಅಷ್ಟಽ. ಹೆದರಿಕೆ, ಒಂಬತ್ತು ವರ್ಷ, ಮಗ ಪಾದ್ರಿ ಆಗ್ತಾನ ಎಂದು ರಾಮದುರ್ಗದಲ್ಲಿ ಊರಿಗೆಲ್ಲ ಹೇಳಿಕೊಂಡು ಕೂತಿರುವ ನನ್ನವ್ವ, ಅವರು ಪೆನ್ನಿನ ಟೋಪಿ ಮುಚ್ಚಿ ಕಿಸೆಯಿಂದ ಕೀಲಿ ತೆಗೆದು ವರದಿಯ ಮೇಲಿಡುತ್ತಾರೆ, ಮೊದಲ ಅಕಿ ಉಪಾಸ ಬಿಡಸಿ ಬಾ, ಇದು ಆಮ್ಯಾಲೆ, ಹೂಂ, ಓಡು. ಓಡುತ್ತೇನೆ, ಪೆಟ್ಟಿಗೆ ತೆರೆದು ಮೊಣಕಾಲೂರುತ್ತೇನೆ, ಡಬ್ಬಿಗೆ ಇಡುತ್ತೇನೆ, ಮುಚ್ಚುತ್ತೇನೆ, ಮತ್ತೆ ತೆರೆದು ನೋಡುತ್ತೇನೆ, ಇದ್ದಾನೆ. ಮತ್ತೆ ಅದೇ ಟಂಟಂ, ಈಗ ನಿಜವಾಗಿಯೂ ಸ್ವಾಮಿ ಎದೆಯ ಮೇಲೆ, ಅಲ್ಲಾಸಾಬ ನನ್ನ ಕೈ ಎದೆಯ ಮೇಲಿರುವುದನ್ನು ನೋಡಿ ಈ ಸಲ ತಾನೇ ಸುಮ್ಮನಾಗಿದ್ದಾನೆ, ಎಂಥ ಮರ್ಯಾದಸ್ಥ, ತಡೆಯಲಾಗುವುದಿಲ್ಲ, ಕೂಸಿಗೆ ಏನ್ ಹೆಸರ ಇಡತೀರಿ ಅನ್ನುತ್ತೇನೆ, ಫರೀನ್ ಅಂತ ಮಾಡೇವ್ರಿ, ಚೊಲೋ ಹೆಸರು, ಸ್ವಾಮೀ ನೀನೂ ಕೇಳಿಸಿಕೊಂಡೆಯಲ್ಲ, ಫರೀನ್, ಆಶೀರ್ವಾದ ಮಾಡು — ಇಷ್ಟು ಹಗುರ ಯಾವ ಧ್ಯಾನದಲ್ಲೂ ಅನ್ನಿಸಿರಲಿಲ್ಲ. ಮಧ್ಯಾಹ್ನ ಎರಡೂವರೆ, ಬಾಗಿಲಲ್ಲಿ ಅನ್ನಪೂರ್ಣಾ ನೀರಿನ ಚರಿಗೆ ಹಿಡಿದೇ ನಿಂತಿದ್ದಾಳೆ, ಎಷ್ಟ ಹೇಳಿದ್ರೂ ಕೇಳಲಿಲ್ರಿ, ಬತ್ತಿ ಗಿಡ್ಡವಾಗಿದೆ, ಸೆರಗು ಹಾಗೇ ಇದೆ, ನಾನು ತುಂಬಾ ಸಣ್ಣದೊಂದು ಚೂರು ಮುರಿಯುತ್ತೇನೆ, ಕ್ರಿಸ್ತರ ಶರೀರ, ಅವಳ ಬಾಯಿ, ಹಲ್ಲಿಲ್ಲದ, ತುಟಿ ಬಿರಿದ, ನಾಲಿಗೆ ಪೂರ್ತಿ ಒಣಗಿದ, ನನಗಾಗಿ ತೆರೆದ, ಇನ್ನೂ ತೆರೆದೇ ಇರುವ ಬಾಯಿ, ಆ ಬಾಯಿ, ತೆರೆದ ಬಾಯಿ.