ಪಕ್ಕದ ಕುರ್ಚಿಯ ಓಕಲೀನಾ

ಓಕಲೀನಾ ಅತ್ತೆ ಯಾರ ಎದುರಿಗೂ ಕೂರುವುದಿಲ್ಲ. ಅಲಾಸ್ಕದ ನಮ್ಮ ಊರಿನ ಪುಟ್ಟ ಆಸ್ಪತ್ರೆಯಲ್ಲಿ ಬಂದವರನ್ನು ಮಾತಾಡಿಸಲೆಂದು ಎರಡು ಕುರ್ಚಿಗಳನ್ನು ಎದುರುಬದುರಾಗಿ ಹಾಕಿದ್ದರು. ಅವಳು ಬಂದ ದಿನವೇ ಒಂದನ್ನು ದರದರನೆ ಎಳೆದು ಇನ್ನೊಂದರ ಪಕ್ಕಕ್ಕಿಟ್ಟು, ಎರಡನ್ನೂ ಕಿಟಕಿಯ ಕಡೆ ತಿರುಗಿಸಿದಳು. ಅಂದಿನಿಂದ ಅಲ್ಲಿ ಕೂತವರು ಯಾರ ಮುಖವನ್ನೂ ನೋಡಬೇಕಾಗಿಲ್ಲ, ಕುಸ್ಕೊಕ್ವಿಮ್ ನದಿಯನ್ನು ನೋಡಿದರೆ ಸಾಕು. ನದಿಗೆ ಹೇಳಿಕೊಂಡ ಹಾಗೆ ಹೇಳಿಕೊಳ್ಳುತ್ತಾರೆ, ಅವಳು ಕೇಳಿಸಿಕೊಳ್ಳುತ್ತಾಳೆ. ಶಾಲೆ ಬಿಟ್ಟ ವರ್ಷ ನಾನೂ ಅಲ್ಲಿ ಕೂತಿದ್ದೆ, ಆದ್ದರಿಂದ ಗೊತ್ತು.

ದಪ್ಪ ಹೆಂಗಸು, ಎಡಗಾಲನ್ನು ತುಸು ಎಳೆದು ನಡೆಯುತ್ತಾಳೆ. ಚಳಿಗಾಲ, ಬೇಸಿಗೆ ಎರಡಕ್ಕೂ ನೇರಳೆ ಹೂವಿನ ಅದೇ ಕುಸ್ಪುಕ್ ಅಂಗಿ. ಹೊಟ್ಟೆಯ ಮೇಲಿನ ಅದರ ದೊಡ್ಡ ಜೇಬಿನಲ್ಲಿ ಒಣಗಿಸಿದ ಸಾಲ್ಮನ್ ಮೀನು. ಮಾತಿಗೆ ಮೊದಲು ಒಂದು ತುಂಡು ಮುರಿದು ಕೊಡುತ್ತಾಳೆ, ಅದನ್ನು ಜಗಿದು ಮುಗಿಸುವ ತನಕ ತಾನೂ ಬಾಯಿ ಬಿಡುವುದಿಲ್ಲ. ಬಿಟ್ಟರೂ ಕೊನೆಯ ಪದವನ್ನು ಉಸಿರಿನೊಳಕ್ಕೆ ಎಳೆದುಕೊಳ್ಳುತ್ತಾಳೆ, ಆಡಿದ್ದರಲ್ಲಿ ಅರ್ಧವನ್ನು ವಾಪಸು ಪಡೆದಂತೆ.

ಮನಸ್ಸಿನ ಸಂಕಟಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಮೊದಲು ಇದಕ್ಕೆಂದೇ ಶಾಲೆಯ ಹಿಂದೆ ಬೇರೆ ಮನೆ ಕೊಟ್ಟಿದ್ದರು, ಬೆಚ್ಚನೆಯ ಒಳ್ಳೆಯ ಮನೆ. ಒಬ್ಬರೂ ಹೋಗಲಿಲ್ಲ. ಹಿಮದ ಮೇಲೆ ಹೆಜ್ಜೆ ಉಳಿಯುತ್ತದೆ, ಮತ್ತು ಹೆಜ್ಜೆ ನೋಡಿ ಯಾರದ್ದೆಂದು ಹೇಳಲಾರದವರು ನಮ್ಮೂರಿನಲ್ಲಿಲ್ಲ. ಅತ್ತೆ ಚಳಿಗಾಲ ಪೂರ್ತಿ ಅಲ್ಲಿ ಒಬ್ಬಳೇ ಕೂತು ಕೈಗವಸು ಹೊಲಿದಳು. ಆಮೇಲೆ ಬೀಗ ಹಾಕಿ, ಆಸ್ಪತ್ರೆಯಲ್ಲಿ ಕೆಮ್ಮಿಗೂ ಹಲ್ಲುನೋವಿಗೂ ಮದ್ದು ಕೊಡುವ ಮಕಾರ್‌ನ ಕೋಣೆಗೇ ಬಂದುಬಿಟ್ಟಳು. ಆ ಬಾಗಿಲಿಗೆ ಹೋದ ಹೆಜ್ಜೆ ಯಾವ ನೋವಿನದ್ದೆಂದು ಹೇಳುವ ಜಾಣರು ಇನ್ನೂ ಹುಟ್ಟಿಲ್ಲ.

ವಾಸಿಲಿ ಮಾವನ ವಿಷಯದಲ್ಲಿ ಮಾತ್ರ ಅವಳೂ ತಪ್ಪಿದಳು, ಊರೆಲ್ಲ ತಪ್ಪಿದ ಹಾಗೆಯೇ. ವಾಸಿಲಿ ನನ್ನ ಅಮ್ಮನ ಅಣ್ಣ, ಅತ್ತೆಗೆ ಸೋದರಮಾವನ ಮಗ. ನದಿ ಆಗತಾನೇ ಹೆಪ್ಪುಗಟ್ಟುತ್ತಿದ್ದ ದಿನಗಳಲ್ಲಿ ಅವನ ಮಗ ಮಂಜುಗಡ್ಡೆಯಡಿ ಮುಳುಗಿಹೋದ; ಗಟ್ಟಿಯಾಗಿದೆ, ದಾಟು ಎಂದವನು ಮಾವನೇ. ಅವನು ಅಳಲಿಲ್ಲ. ಕೊಡತೊಡಗಿದ. ಮೊದಲು ಮೀನು, ಕಡಲಪ್ರಾಣಿ ಸೀಲ್‌ನ ಎಣ್ಣೆ. ಆಮೇಲೆ ಬಲೆ, ದೋಣಿಯ ಎಂಜಿನ್, ಮಂಜುಗಡ್ಡೆ ಒಡೆಯುವ ಹಾರೆ. ನಮ್ಮಲ್ಲಿ ಕೊಡುವವನೇ ದೊಡ್ಡವನು. ಹುಡುಗನೊಬ್ಬ ಮೊದಲ ಸೀಲ್ ಬೇಟೆಯಾಡಿದರೆ ಮನೆಯ ಹೆಂಗಸರು ಬಾಗಿಲಲ್ಲಿ ನಿಂತು ಊರಿಗೆಲ್ಲ ಉಡುಗೊರೆ ಎಸೆಯುತ್ತಾರೆ. ಹಾಗಾಗಿ ದುಃಖ ವಾಸಿಲಿಯನ್ನು ಇನ್ನೂ ದೊಡ್ಡವನನ್ನಾಗಿ ಮಾಡಿತೆಂದು ಜನ ಹೊಗಳಿದರು. ಬಲೆ ಸಿಕ್ಕಿದ್ದು ಅತ್ತೆಗೆ. ಅವಳೂ ಹೊಗಳಿದಳು.

ಫೆಬ್ರವರಿಯಲ್ಲಿ ಮಾವ ಭುಜನೋವೆಂದು ಆಸ್ಪತ್ರೆಗೆ ಹೋದ. ಅಲ್ಲಿ ನಡೆದದ್ದನ್ನು ಅವನೇ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಎಷ್ಟೋ ಸಲ ಹೇಳಿದ್ದಾನೆ. ಬರೆಯಲು ಒಪ್ಪಿಗೆಯನ್ನೂ ಕೊಟ್ಟಿದ್ದಾನೆ. ಮಕಾರ್ ಭುಜ ಒತ್ತಿ ನೋಡುತ್ತಿದ್ದ, ಪಟ್ಟಣಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಕಂಪ್ಯೂಟರ್ ಪರದೆಯ ಮೇಲಿದ್ದರು, ಅತ್ತೆ ಪಕ್ಕದಲ್ಲಿ ಕೂತು ಹೊಲಿಯುತ್ತಿದ್ದಳು. ಬೇಸಿಗೆಯಲ್ಲಿ ಬಲೆ ಎಳೆಯಲು ಈ ಭುಜ ಆದೀತೇ ಎಂದು ಡಾಕ್ಟರಮ್ಮ ಕೇಳಿದರು. ಮಕಾರ್ ನಕ್ಕು, ಬಲೆಯನ್ನೂ ಎಂಜಿನ್ನನ್ನೂ ಕೊಟ್ಟು ಕೂತಿದ್ದಾರೆ ಈ ಪುಣ್ಯಾತ್ಮ, ಎಂದ. ಡಾಕ್ಟರಮ್ಮ ನಗಲಿಲ್ಲ.

"ಹಾಗಾದ್ರೆ ಬೇಸಿಗೆಗೆ ಅಂತ ಅವರ ಹತ್ರ ಏನು ಉಳೀತು?"

ಅತ್ತೆಯ ಸೂಜಿ ನಿಂತಿತು. ಮೀನು ಕೊಟ್ಟವನು ನಾಳೆ ಮತ್ತೆ ಮೀನು ಹಿಡಿಯುತ್ತಾನೆ. ಬಲೆಯನ್ನೇ ಕೊಟ್ಟವನು?

ಇಂಥ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಡಾಕ್ಟರಮ್ಮನ ಬಳಿ ಇದ್ದವು. ಆದರೆ ನಮ್ಮಲ್ಲಿ ಕೆಟ್ಟದ್ದರ ಹೆಸರೆತ್ತಿದರೆ ಅದು ಕರೆದರೆಂದು ಬಂದುಬಿಡುತ್ತದೆ ಎನ್ನುತ್ತಾರೆ. ಹಿರಿಯ ಬೇಟೆಗಾರನನ್ನು ಮುಖಕ್ಕೆ ನೇರವಾಗಿ ಕೇಳುವುದೂ ಇಲ್ಲ. ಕೇಳುವ ಹಕ್ಕಿರುವುದು ಸೋದರತ್ತೆ, ಸೋದರಮಾವನ ಮಕ್ಕಳಿಗೆ ಮಾತ್ರ. ಅವರು ಒಬ್ಬರನ್ನೊಬ್ಬರು ಎಷ್ಟು ಹಂಗಿಸಿದರೂ ಯಾರೂ ತಪ್ಪೆನ್ನುವುದಿಲ್ಲ. ಅತ್ತೆಯೂ ಮಾವನೂ ಅಂಥವರು. ಅವಳು ಡಾಕ್ಟರಮ್ಮನಿಗೆ ಸ್ವಲ್ಪ ಇರಿ ಎಂದು ಕೈ ತೋರಿಸಿ, ಮೀನು ಮುರಿದು ಮಾವನಿಗೆ ಕೊಟ್ಟಳು. ಅವನು ಜಗಿದು ಮುಗಿಸಿದ.

"ಲೋ ವಾಸಿಲಿ, ನೀ ಕೊಟ್ಟ ಬಲೇಲಿ ನಾಯಿ ತೂರ್ಕೊಂಡು ಹೋಗತ್ತೆ. ನಿನ್ನ ಸೋಮಾರಿತನಾನ ನನ್ನ ತಲೆಗೆ ಕಟ್ಟಿದ್ದೀಯ."

"ಹೊಲ್ಕೋ. ಕೂತು ಕೂತು ಸೀಲ್ ಥರ ಆಗಿದ್ದೀಯ, ಬೇರೆ ಕೆಲ್ಸ ಏನಿದೆ ನಿಂಗೆ?"

"ಸೀಲ್ ಆದ್ರೂ ನಿನ್ನ ಕೈಗಂತೂ ಸಿಗಲ್ಲ ಬಿಡು."

ಇಬ್ಬರೂ ನದಿಯನ್ನೇ ನೋಡುತ್ತಿದ್ದರು. ಅದೇ ಗೇಲಿಯ ದನಿಯಲ್ಲಿ ಅವಳು ಕೇಳಿದಳು:

"ನಮ್ಮನ್ನೆಲ್ಲ ಬಿಟ್ಟು ಹೋಗೋ ಯೋಚ್ನೆ ಮಾಡಿದ್ದೀಯೇನೋ, ಕಳ್ಳ? ಸಾಯೋಕೆ?"

ಆ ಕೊನೆಯ ಪದವನ್ನು ಅವಳು ಒಳಕ್ಕೆಳೆದುಕೊಳ್ಳಲಿಲ್ಲ. ಮಾವ ಹುಬ್ಬು ಎತ್ತಿದ.

ಉತ್ತರ ಬರಲಿಲ್ಲವೇ ಎಂದು ಡಾಕ್ಟರಮ್ಮ ಮೆಲ್ಲಗೆ ವಿಚಾರಿಸಿದರು.

"ಬಂತು ಮೇಡಂ," ಎಂದ ಮಕಾರ್. "ಹುಬ್ಬೆತ್ತಿದ್ರಲ್ಲ, ಹೌದು ಅಂದ್ರು."

ಮುಂದಿನದ್ದನ್ನು ಮೂವರೂ ಸೇರಿ ಮಾಡಿದರು. ಡಾಕ್ಟರಮ್ಮ ಔಷಧಿ ಬರೆದು ದಿನವೂ ಪರದೆಗೆ ಬಂದರು, ಮಕಾರ್ ಭುಜ ತಿಕ್ಕುವ ನೆಪದಲ್ಲಿ ಮಾವನನ್ನು ದಿನವೂ ಕರೆಸಿದ. ಮಾವ ಒಬ್ಬನೇ ಇರದಂತೆ ಅತ್ತೆ ಅವನನ್ನು ತನ್ನ ಮನೆಗೇ ಕರೆದುಕೊಂಡು ಹೋದಳು. ಕೊಟ್ಟದ್ದನ್ನು ವಾಪಸು ಕೇಳುವುದು ನಮ್ಮಲ್ಲಿ ನಾಚಿಕೆಗೇಡು. ಆ ನಾಚಿಕೆಯನ್ನು ಅವಳು ಹೊತ್ತಳು. ಮಾವನ ಒಪ್ಪಿಗೆ ಪಡೆದು ಮನೆಮನೆಗೆ ಹೋಗಿ, "ದೊಡ್ಡಸ್ತಿಕೆ ತೋರಿಸೋಕೆ ಎಲ್ಲ ಹಂಚಿಬಿಟ್ಟ, ಈಗ ನಮ್ಮನೇಲಿ ಕೂತು ನನ್ನ ಸೂಪು ಖಾಲಿ ಮಾಡ್ತಿದ್ದಾನೆ. ಅವನ ಸಾಮಾನು ಅವನಿಗೆ ಎಸೀರಿ," ಎಂದು ಬೈದು ಬಂದಳು. ಎಂಜಿನ್ ಪೆಟ್ರೋಲ್ ತುಂಬಿಸಿಕೊಂಡು ಬಂತು, ಹಾರೆ ಸಾಣೆ ಹಿಡಿಸಿಕೊಂಡು ಬಂತು. ಯಾಕೆಂದು ಯಾರೂ ಕೇಳಲಿಲ್ಲ. ಬೇಸಿಗೆಯಲ್ಲಿ ಮಾವ ಮೀನಿಗೆ ಹೋದ. ಇಂದಿಗೂ ಕೆಲವು ದಿನ ಅವನು ಹಾಸಿಗೆ ಬಿಟ್ಟು ಏಳುವುದಿಲ್ಲ. ಅಂಥ ದಿನ ಬೈಯಲು ಯಾರಾದರೂ ಹೋಗುತ್ತಾರೆ.

ಓಕಲೀನಾ ಅತ್ತೆಯಂಥವರನ್ನು ನೋಡಿದಾಗ ನನಗೆ ಒಂದು ಯೋಚನೆ ಬರುತ್ತದೆ. ಇವರು ದುಃಖವನ್ನು ತೆಗೆದು ಬಿಸಾಡುತ್ತೇವೆ ಎನ್ನುವುದಿಲ್ಲ, ಅದಕ್ಕೆ ಬೇರೆ ಮನೆಯನ್ನೂ ಬೇರೆ ಭಾಷೆಯನ್ನೂ ಹುಡುಕುವುದಿಲ್ಲ. ಹುಟ್ಟಿದ ಊರಿನ ರೀತಿ ನೀತಿಗಳೇ ಒಮ್ಮೊಮ್ಮೆ ನೋವನ್ನು ಮುಚ್ಚಿಡುತ್ತವೆ ಎಂಬುದು ಇವರಿಗೆ ಗೊತ್ತು. ಮುಚ್ಚಿದ್ದನ್ನು ತೆರೆಯುವ ದಾರಿಯೂ ಆ ರೀತಿಗಳಲ್ಲೇ ಇದೆಯೆಂದು ನಂಬಿ, ತಪ್ಪಿದಲ್ಲಿ ತಿದ್ದಿಕೊಳ್ಳುತ್ತ, ಹುಡುಕುತ್ತಲೇ ಇರುತ್ತಾರೆ. ಒಂದು ಊರಿಗೆ ಇಂಥವರು ಒಬ್ಬರಿದ್ದರೂ ಅಲ್ಲಿನ ಜನ ತಮ್ಮ ಕಷ್ಟವನ್ನು ತಮ್ಮದೇ ಮಾತಿನಲ್ಲಿ ಹೇಳಿಕೊಂಡು ಬದುಕಬಲ್ಲರು.