ರೋಹಿದಾಸನನ್ನು ಒಳಗೆ ಕರೆದದ್ದು

ಐದು ನಿಮಿಷ ಮಾತಾಡಿ ಅಂದರು ಸಂಘದವರು. ಮೂವತ್ತು ವರ್ಷದ ಗೆಳೆಯನ ಬಗ್ಗೆ ಐದು ನಿಮಿಷ! ಹಿಂದೆ ಪರದೆಯ ಮೇಲೆ ರೋಹಿದಾಸನ ಫೋಟೊ, ಅದಕ್ಕೆ ಕಂಪ್ಯೂಟರಿನಲ್ಲೇ ಹಾಕಿದ ಹಾರ, ಕೆಳಗೆ 'ದಿವಂಗತ' ಎಂದು ದಪ್ಪಕ್ಷರ. ಹೆಣ ಸಿಕ್ಕಿಲ್ಲ. ಸರಕಾರ ಸತ್ತ ಅಂದಿಲ್ಲ, ಕಟ್ಟಿಕೊಂಡ ಹೆಂಡತಿ ಸತ್ತ ಅಂದಿಲ್ಲ. ನಮ್ಮ ಕುವೈತಿನ ತುಳುವರಿಗೆ ಮಾತ್ರ ಅವಸರ. ಇವರ ತಲೆ!

ಹೇಳಬಹುದಾದ್ದನ್ನು ಹೇಳಿದೆ. ಮೀನು ಹಿಡಿಯುವ ಮೊಗವೀರರ ಹುಡುಗ, ಮರದ ಕೆಲಸಕ್ಕೆಂದು ಇಪ್ಪತ್ತಮೂರನೇ ವಯಸ್ಸಿನಲ್ಲಿ ಬಂದವನು. ಮಗಳು ಶರಣ್ಯಾ ಹುಟ್ಟಿದಾಗ ಒಂದು ಮೊಳೆಯೂ ಇಲ್ಲದ ತೊಟ್ಟಿಲು ಮಾಡಿದ, ಬಿಡಿಸಿದರೆ ಕಾರಿನ ಡಿಕ್ಕಿಯಲ್ಲಿ ಹಿಡಿಯುವಂಥದ್ದು. ಆಮೇಲೆ ಅದು ಮನೆಯಿಂದ ಮನೆಗೆ ಹೋಗಿ ನಲವತ್ತಾರು ಮಕ್ಕಳನ್ನು ತೂಗಿತು. ಪ್ರತಿ ಮನೆಗೂ ತಾನೇ ಹೋಗಿ ಜೋಡಿಸಬೇಕು, ಅಡಿಯ ಹಲಗೆಯನ್ನು ಅಂಗೈಯಲ್ಲಿ ಸವರಿ ಸಿಬಿರು ಇಲ್ಲವೆಂದು ನೋಡಬೇಕು, ಆಮೇಲೆಯೇ ಚಾ. ಚಳಿಗಾಲ ಬಂತೆಂದರೆ ಹೆಂಡತಿ ಮಗಳನ್ನು ಕೂರಿಸಿಕೊಂಡು ಮರುಭೂಮಿಗೆ ಹೊರಡುವವನು. ಒಮ್ಮೆ ಒಬ್ಬನೇ ಹೋಗಿ ದಾರಿ ತಪ್ಪಿ, ಒಂಟೆ ಮೇಯಿಸುವವನ ಡೇರೆಯಲ್ಲಿ ಎರಡು ದಿನ ಉಳಿದ. ನಾವಿಲ್ಲಿ ಪೊಲೀಸು, ಎಂಬೆಸಿ ಎಂದು ಓಡಾಡುತ್ತಿದ್ದರೆ ಅವನಲ್ಲಿ ಆ ಮನುಷ್ಯನ ನೀರಿನ ಗಾಡಿಗೆ ಹೊಸ ಹಲಗೆ ಕೂರಿಸುತ್ತಿದ್ದ. ಸಭೆ ನಕ್ಕಿತು. ನಾನೂ ನಕ್ಕೆ.

ಕೊನೆಗೆ ದೋಣಿಯ ವಿಷಯ ಹೇಳಿದೆ. ಅವನ ವೀಸಾದ ಧಣಿ ಕಫೀಲನ ಹಿತ್ತಲಲ್ಲಿ ಒಣಗಿ ಬಿರುಕು ಬಿಟ್ಟಿದ್ದ ಹಳೆಯ ಮರದ ದೋಣಿ. ಎರಡು ವರ್ಷದ ಶುಕ್ರವಾರಗಳನ್ನೆಲ್ಲ ಅದಕ್ಕೇ ಹಾಕಿ ನೀರಿಗಿಳಿಸಿದ. ಖುಷಿಯಾದ ಕಫೀಲ್ "ಖಲಾಸ್, ಇನ್ನು ಇದನ್ನು ನೀನೇ ಓಡಿಸು" ಅಂದನಂತೆ. ಇಷ್ಟು ಹೇಳಿ ಕೈಮುಗಿದು ಇಳಿದೆ.

ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಸಂಘದ ಪಿಕ್‌ನಿಕ್ಕಿಗೆ ಮೀನು ತರುವ ಜವಾಬ್ದಾರಿ ಅವನದು, ಊಟದ ಉಸ್ತುವಾರಿ ನನ್ನದು. ಗುರುವಾರ ಸಂಜೆ ಫೋನ್ ಮಾಡಿ, "ಸದಾನಂದಣ್ಣ, ನಾಳೆ ಗಾಳಿ ಜೋರುಂಟಂತೆ. ಮಾರ್ಕೆಟಿನಿಂದಲೇ ತರುವಾ" ಅಂದ. ನಾನು ಸುಮ್ಮನಿರಬೇಕಲ್ಲ! "ಎಂತ ಮೊಗವೀರನಾ ನೀನು? ಮಾರ್ಕೆಟಿನಿಂದ ತರ್ಲಿಕ್ಕೆ ಮಿರ್ಕಾಬಿನ ಗುಮಾಸ್ತ ನಾನೇ ಸಾಕು ಮಾರಾಯ" ಅಂದೆ. ತಮಾಷೆಗೆ. ಅವನೂ ನಕ್ಕ. ಮರುದಿನ ಬೆಳಗ್ಗೆ ಒಬ್ಬನೇ ಕಡಲಿಗೆ ಹೋದ. ಸಂಜೆಯ ಹೊತ್ತಿಗೆ ದೋಣಿ ಮಗುಚಿದ ಸ್ಥಿತಿಯಲ್ಲಿ ಸಿಕ್ಕಿತು. ಅವನು ಸಿಗಲಿಲ್ಲ.

ಸಭೆಗೆ ಅವನ ಹೆಂಡತಿ ಹರಿಣಾಕ್ಷಿ ಬರಲಿಲ್ಲ. ಅವಳು ಸಾಲ್ಮಿಯಾದ ಫ್ಲ್ಯಾಟಿನಲ್ಲಿ ಅವನ ಅಂಗಿಗಳನ್ನು ಒಗೆದು ಇಸ್ತ್ರಿ ಹಾಕುತ್ತಿದ್ದಳು. ನಲವತ್ತು ದಿನವಾದರೂ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. "ಮರುಭೂಮಿಯಲ್ಲಿಯೂ ಹೀಗೇ ಮಾಡಿದ್ರಲ್ಲ ಅಣ್ಣ" ಅನ್ನುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ. ಬೇರೆ ಏನು ಹೇಳುವ ಮುಖ ನನಗಿತ್ತು?

ಆದರೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಕಾಯುವುದಿಲ್ಲ. ತಾಯಿ ಮಗಳಿಬ್ಬರೂ ಈ ದೇಶದಲ್ಲಿದ್ದದ್ದು ಅವನ ಇಕಾಮಾದ ಆಧಾರದ ಮೇಲೆ. ಅದು ಮುಗಿಯುವುದು ಹದಿನೇಳನೇ ತಾರೀಕಿಗೆ, ಆಳಿಲ್ಲದೆ ನವೀಕರಣವಿಲ್ಲ. ಊರಿನ ಅವನ ಮನೆಯನ್ನು ಆರು ವರ್ಷದ ಹಿಂದೆಯೇ ಕಡಲು ಕೊರೆದುಕೊಂಡು ಹೋಗಿತ್ತು. ಹೋಗುವುದಿದ್ದರೆ ಅವಳ ಅಣ್ಣನ ಮನೆಗೆ ಹೋಗಬೇಕು.

ಊರಿನ ಹಿರಿಯರೊಬ್ಬರು ಫೋನಿನಲ್ಲಿ ಸಿಕ್ಕಿದರು. ದರ್ಭೆಯ ಆಕೃತಿ ಮಾಡಿ ಸುಡುವ ಕ್ರಿಯೆಯನ್ನು ಊರಲ್ಲೇ ಮುಗಿಸುತ್ತೇವೆ, ಆದರೆ ಒಳಗೆ ಕರೆಯುವುದನ್ನು ಅವನು ಕೊನೆಗೆ ದಾಟಿ ಹೋದ ಬಾಗಿಲಲ್ಲೇ ಮಾಡಿ ಅಂದರು. ಅದು ನಮ್ಮ ಕಡೆಯ ಕ್ರಮ. ಸತ್ತವರಿಗೆ ಎಲೆ ಹಾಕಿ ಬಡಿಸಿ, ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಿ, ಮನೆಯೊಳಗೆ ಸೇರಿಸಿಕೊಳ್ಳುವುದು. ಕರೆಯದಿದ್ದರೆ ಹೊರಗೇ ಅಲೆಯುತ್ತಾರಂತೆ. ಕರೆದರೆ ಸತ್ತದ್ದು ಹೌದೆಂದು ಒಪ್ಪಿದ ಹಾಗೆ.

ಶುಕ್ರವಾರ ಮಧ್ಯಾಹ್ನ ಹೋದೆ. ಹಾಲಿನ ತುಂಬ ಕಟ್ಟಿದ ಪೆಟ್ಟಿಗೆಗಳು. ಅಡುಗೆ ಆಗಿತ್ತು. ಎಲೆಯೂ ಹಾಕಿತ್ತು. ನಾನು ಬಾಗಿಲು ತೆರೆಯಲು ಹೋದರೆ ಹರಿಣಾಕ್ಷಿ ಅಡ್ಡ ನಿಂತಳು.

"ಬೇಡ ಅಣ್ಣ. ಇಲ್ಲಿ ಕರೀಬೇಡಿ."

"ಮಮ್ಮಿ, ಪ್ಲೀಸ್. ಪಪ್ಪ ಈಸ್ ಗಾನ್" ಎಂದು ಶರಣ್ಯಾ ಅತ್ತಳು.

"ನೀನು ಸುಮ್ನಿರು" ಎಂದು ಮಗಳಿಗೆ ಹೇಳಿ ನನ್ನ ಕಡೆ ತಿರುಗಿದಳು. "ಇವತ್ತು ಒಳಗೆ ಕರೀತೇವೆ. ಹದಿನೇಳಕ್ಕೆ ಈ ಬಾಗಿಲಿಗೆ ಬೇರೆಯವರ ಬೀಗ. ಬಂದವರನ್ನು ಯಾರ ಕೈಯಲ್ಲಿ ಬಿಟ್ಟು ಹೋಗ್ಲಿ? ಊರಲ್ಲಿ ನನ್ನ ಅಣ್ಣನ ಮನೆಗೆ ಕರೆದ್ರೆ ಬರುವ ಜಾತಿಯಾ ಅವ್ರು? ಬದುಕಿದ್ದಾಗಲೇ ಅಲ್ಲಿ ಒಂದು ರಾತ್ರಿ ನಿಂತವರಲ್ಲ."

ನಾನು ಚಿಲಕದಿಂದ ಕೈ ತೆಗೆದೆ.

"ನಾವು ಹೋದ ಮೇಲೆ ನಿಮ್ಮ ರೂಮಿಗೆ ಕರೀರಿ. ನೀವು ಇಲ್ಲೇ ಇರ್ತೀರಲ್ಲ."

ಇನ್ನು ತಡೆಯಲಾಗಲಿಲ್ಲ. "ನನ್ನ ರೂಮಿಗಾ? ನನ್ನನ್ನು ಕೇಳ್ಬೇಡ ಹರಿಣಾಕ್ಷಿ, ನಿನಗೆ ಗೊತ್ತಿಲ್ಲ. ಅವನು ಮಾರ್ಕೆಟಿನಿಂದ ತರ್ತೇನೆ ಅಂದಿದ್ದ. ನಾನು ಹಂಗಿಸಿದೆ. ಕಡಲಿಗೆ ಕಳಿಸಿದ್ದು ನಾನು."

"ಗೊತ್ತುಂಟು" ಅಂದಳು. ಸಿಟ್ಟಿಲ್ಲ, ಏನಿಲ್ಲ. "ಫೋನ್ ಇಟ್ಟು ನಗಾಡ್ತಾ ನನಗೆ ಹೇಳಿದ್ರು. ಹೋಗ್ಬೇಡಿ ಅಂತ ನಾನೂ ಅನ್ಲಿಲ್ಲ, ನಾನೂ ನಗಾಡಿದೆ. ಅದಕ್ಕೇ ನಿಮ್ಮನ್ನು ಕೇಳುವುದು. ಅವ್ರಿಗೆ ನೀವು ಬಾಗಿಲು ಹಾಕಿಕೊಳ್ಳುವ ಹಾಗಿಲ್ಲ."

ಹದಿನಾರಕ್ಕೆ ಅವರಿಬ್ಬರನ್ನೂ ವಿಮಾನ ಹತ್ತಿಸಿದೆ. ಮುಂದಿನ ಶುಕ್ರವಾರ ಮಿರ್ಕಾಬಿನ ನನ್ನ ರೂಮಿನಲ್ಲಿ ಕುಚ್ಚಲಕ್ಕಿ ಅನ್ನ, ಮೀನಿನ ಸಾರು ಮಾಡಿದೆ. ಮೀನು ಮಾರ್ಕೆಟಿನದೇ. ಬಡಿಸಿ, ಬಾಗಿಲು ತೆರೆದು ನಿಂತೆ. ಕಾರಿಡಾರಿನಲ್ಲಿ ಪಕ್ಕದ ಮನೆಯವರ ಚಪ್ಪಲಿಗಳು, ಯಾರದೋ ಟೀವಿಯ ಸದ್ದು.

"ರೋಹಿದಾಸ, ಉಲಾಯಿ ಬಲ" ಎಂದೆ. ಒಳಗೆ ಬಾ ಎಂದು ನಮ್ಮ ತುಳುವಿನಲ್ಲಿ. ಮೂರು ಸಲ ಕರೆಯಬೇಕು. ಎರಡನೇ ಸಲ ಕೂಗುವಾಗ, ಬರಬೇಡ ಮಾರಾಯ, ಎಲ್ಲಾದರೂ ಯಾರದಾದರೂ ಗಾಡಿಗೆ ಹಲಗೆ ಕೂರಿಸುತ್ತಾ ಬದುಕಿರು ಎಂದು ಒಳಗೊಳಗೇ ಬೇಡಿಕೊಂಡೆ. ಮೂರನೇ ಸಲವೂ ಕೂಗಿ ಮುಗಿಸಿದೆ. ಯಾರೂ ಬರಲಿಲ್ಲ. ಗಾಳಿಯೂ ಬೀಸಲಿಲ್ಲ. ಎಲೆಯಲ್ಲಿ ಅನ್ನ ಆರಿತು.

ಸಂಜೆ ಊರಿನಿಂದ ಹರಿಣಾಕ್ಷಿಯ ಫೋನ್ ಬಂತು.

"ಕರೆದ್ರಾ ಅಣ್ಣ?"

"ಕರೆದೆ."

"ಬಂದ್ರಾ?"

ಇಲ್ಲ ಅನ್ನಬಹುದಿತ್ತು. ಅಂದಿದ್ದರೆ ಆ ಹೆಂಗಸು ಬದುಕಿಡೀ ಅಂಗಿಗೆ ಇಸ್ತ್ರಿ ಹಾಕುತ್ತಾ ಕೂರುತ್ತಿದ್ದಳು.

"ಬಂದ" ಅಂದೆ.

ಆ ಕಡೆಯಿಂದ ಒಂದು ಕೂಗು ಬಂತು. ಅಷ್ಟು ದಿನದಲ್ಲಿ ಮೊದಲ ಸಲ ಹರಿಣಾಕ್ಷಿ ಅತ್ತಳು, ಅವಳ ಅಣ್ಣನ ಮನೆಯವರೆಲ್ಲ ಓಡಿಬಂದದ್ದು ನನಗೆ ಫೋನಿನಲ್ಲೇ ಕೇಳಿಸಿತು. ಒಮ್ಮೆ ಕೊಂದದ್ದು ಸಾಲದೆಂದು ಅವನನ್ನು ಇನ್ನೊಮ್ಮೆ ಕೊಂದಿದ್ದೆ.